ಇಂಗ್ಲೆಂಡಿನ ರಾಜ್ಯಾಂಗವೂ ಕ್ರೈಸ್ತ ಮತವೂ



ಇಂಗ್ಲೆಂಡಿನ ನಾಣ್ಯವೊಂದನ್ನು ಕೈಯಲ್ಲಿ ಹಿಡಿದು, ದೊರೆಯ ಮುಖಮುದ್ರೆಯ ಸುತ್ತಲೂ ಕೊರೆದಿರುವ ಬರಹವನ್ನು ಓದಿದರೆ, ದೊರೆಯ ಹೆಸರಿನ ಜೊತೆಯಲ್ಲಿ ಡಿ. ಜಿ. ಎಂದೂ ಎಫ್. ಡಿ. ಎಂದೂ ನಾಲ್ಕು ಅಕ್ಷರಗಳು ಕಾಣುತ್ತವೆ. ಇವು ಲ್ಯಾಟಿನ್ ಮಾತುಗಳ ಸಂಕ್ಷೇಪಗಳು. ಮೊದಲಿನ ಎರಡಕ್ಕೆ ‘ದೇವರ ಕೃಪೆಯಿಂದ’ ಎಂದು ಅರ್ಥ. ಕಡೆಯ ಎರಡಕ್ಕೆ ‘ಮತಸಂರಕ್ಷಕ’ ಎಂದು ಅರ್ಥ. 1849ರಲ್ಲಿ ಫ್ಲಾರಿನ್ ಎಂಬ ಹೊಸ ಬೆಳ್ಳಿಯ ನಾಣ್ಯವನ್ನು ಅಚ್ಚುಹಾಕಿಸಿದಾಗ ಈ ನಾಲ್ಕು ಅಕ್ಷರಗಳನ್ನು ಬಿಟ್ಟರು. ಜನರಲ್ಲಿ ದೊಡ್ಡ ಗುಲ್ಲಾಯಿತು. ಆ ನಾಣ್ಯಕ್ಕೆ ‘ದೇವರಿಲ್ಲದ ಫ್ಲಾರಿನ್’ ಎಂದು ಅಡ್ಡಹೆಸರು ಬಿದ್ದಿತು. ಟಂಕಸಾಲೆಯ ಅಧ್ಯಕ್ಷನು ರೋಮನ್ ಕ್ಯಾಥೊಲಿಕ್ಕನಾಗಿದ್ದುದು ಸಂಶಯಕ್ಕೆ ಇನ್ನಷ್ಟು ಕಾರಣವಾಯಿತು. 1851ರ ನಾಣ್ಯದಲ್ಲಿ ದೇವರು ಪುನಃ ಪ್ರತ್ಯಕ್ಷನಾದನು. ವಿನೋದವೇನೆಂದರೆ, ಅದೇ ಅರಸೊತ್ತಿಗೆಯ ಹೆಸರಿನಲ್ಲಿ ನಮ್ಮ ದೇಶದಲ್ಲಿ ಚಲಾವಣೆಯಾಗುತ್ತಿದ್ದ ಬ್ರಿಟಿಷ್ ಇಂಡಿಯದ ರೂಪಾಯಿಯ ಮೇಲೆ ಈ ಅಕ್ಷರಗಳು ಇರಲಿಲ್ಲ. ಸಮುದ್ರದ ಆಚೆಯಲ್ಲಿ ಮತಸಂರಕ್ಷಕನಾಗಿದ್ದ ಚಕ್ರವರ್ತಿಯು ಈಚೆಯಲ್ಲಿ ಬರಿಯ ಚಕ್ರವರ್ತಿಯಾಗಿದ್ದನು.

ಈ ಬಿರುದಿನ ಚರಿತ್ರೆಯೂ ಸ್ವಾರಸ್ಯವಾದುದೇ. 1521ರಲ್ಲಿ ಎಂಟನೆಯ ಹೆನ್ರಿಯು ಲೂಥರನ ವಾದವನ್ನು ಖಂಡಿಸಿ ಒಂದು ಗ್ರಂಥವನ್ನು ಪ್ರಕಟಿಸಿದನು. ಅದಕ್ಕೆ ಮೆಚ್ಚಿ ಈ ಬಿರುದನ್ನು ದಯಪಾಲಿಸಿದವನು ರೋಮಿನ ಪೋಪ್ ಹತ್ತನೆಯ ಲಿಯೋ. ಹದಿಮೂರು ವರ್ಷಗಳೊಳಗೆ ಅದೇ ಹೆನ್ರಿಯು ಪೋಪನ ಅಧಿಕಾರವನ್ನು ಇಂಗ್ಲೆಂಡಿನಿಂದ ಬೇರುಸಹಿತ ಕಿತ್ತು, 1534ರ ಶಾಸನದಿಂದ ತಾನೇ ಚರ್ಚಿನ ಶಿರಸ್ಸಾದನು. ಪೋಪನು ಬಿರುದನ್ನು ಹಿಂದಕ್ಕೆ ಪಡೆದನು; ಪಾರ್ಲಿಮೆಂಟು ಅದನ್ನೇ ಮರಳಿ ಕೊಟ್ಟಿತು. ಯಾವ ಮತವನ್ನು ಕಾಪಾಡಿದುದಕ್ಕಾಗಿ ಬಿರುದು ಬಂದಿತೋ ಆ ಮತದಿಂದ ದೂರವಾದ ಬಳಿಕವೂ ಬಿರುದು ಮಾತ್ರ ಉಳಿದುಕೊಂಡು ಬಂದಿದೆ. 2022ರಲ್ಲಿ ಸಿಂಹಾಸನವನ್ನೇರಿದ ಮೂರನೆಯ ಚಾರಲ್ಸ್ ದೊರೆಯ ನಾಣ್ಯಗಳಲ್ಲಿಯೂ ಅದು ಇದೆ.

ಒಂದು ರಾಷ್ಟ್ರಕ್ಕೆ ಮತವೆಂಬುದು ಇರಬಹುದೇ? ವ್ಯಕ್ತಿಗೆ ಶ್ರದ್ಧೆ ಇರುತ್ತದೆ, ಕುಟುಂಬಕ್ಕೆ ಆಚಾರವಿರುತ್ತದೆ. ಆದರೆ ತೆರಿಗೆಯನ್ನು ವಸೂಲುಮಾಡುವ, ಸೈನ್ಯವನ್ನಿಡುವ, ಕಳ್ಳರನ್ನು ಶಿಕ್ಷಿಸುವ ಸರಕಾರಕ್ಕೆ ಇಂಥ ದೇವರಲ್ಲಿ ನಂಬಿಕೆ ಇದೆ ಎಂದರೆ ಅದರ ಅರ್ಥವೇನು? ಈ ಪ್ರಶ್ನೆಯನ್ನು ಇಂಗ್ಲೆಂಡು ಸುಮಾರು ಐನೂರು ವರ್ಷಗಳಿಂದ ತನಗೆ ತಾನೇ ಕೇಳಿಕೊಳ್ಳುತ್ತಿದೆ. ಆ ವಿಚಾರದಲ್ಲಿ ನನಗೆ ತೋರಿದ ಕೆಲವು ಸಂಗತಿಗಳನ್ನು ತಮ್ಮ ಮುಂದೆ ಇಡಬೇಕೆಂಬುದೇ ಈ ಸಂಜೆಯ ಭಾಷಣದ ಉದ್ದೇಶ.

‘ಯಥಾ ರಾಜಾ ತಥಾ ಪ್ರಜಾಃ’ ಎಂಬ ಮಾತನ್ನು ನಾವು ನಡತೆಯ ವಿಚಾರದಲ್ಲಿ ಹೇಳುತ್ತೇವೆ. 1555ರಲ್ಲಿ ಜರ್ಮನ್ ಸಾಮಂತರು ಆಗ್ಸ್‌ಬರ್ಗಿನಲ್ಲಿ ಮಾಡಿಕೊಂಡ ಒಡಂಬಡಿಕೆಯಲ್ಲಿ ಇದನ್ನು ಮತದ ವಿಚಾರದಲ್ಲಿಯೂ ಕಾನೂನಾಗಿ ಮಾಡಿದರು: ದೊರೆಯದು ಯಾವ ಪಂಥವೋ ಪ್ರಜೆಗಳದೂ ಅದೇ, ಒಪ್ಪದವನು ಮನೆಮಾರನ್ನು ಮಾರಿ ಹೊರಟುಹೋಗತಕ್ಕದ್ದು. ಇಂಗ್ಲೆಂಡಿನಲ್ಲಿ ಹೊರಡುವುದಕ್ಕೂ ವ್ಯವಧಾನವಿರಲಿಲ್ಲ. ಹೆನ್ರಿಯನ್ನು ಚರ್ಚಿನ ಶಿರಸ್ಸೆಂದು ಒಪ್ಪದ ಸರ್ ಥಾಮಸ್ ಮೋರನು 1535ರಲ್ಲಿ ತನ್ನ ಶಿರಸ್ಸನ್ನೇ ಕಳೆದುಕೊಂಡನು. ಮೇರಿ ರಾಣಿಯ ಐದು ವರ್ಷಗಳ ಆಳಿಕೆಯಲ್ಲಿ ಸುಮಾರು 280 ಮಂದಿ ಪ್ರಾಟೆಸ್ಟೆಂಟರು ಸಜೀವವಾಗಿ ದಹಿಸಲ್ಪಟ್ಟರು. 1559ರಲ್ಲಿ ಎಲಿಜಬೆತ್ ರಾಣಿಯು ‘ಶಿರಸ್ಸು’ ಎಂಬ ಪದವನ್ನು ಬಿಟ್ಟು ‘ಪರಮಾಧಿಕಾರಿ’ ಎಂಬ ಪದವನ್ನು ಇಟ್ಟುಕೊಂಡಳು. ಚರ್ಚಿನ ಶಿರಸ್ಸು ಕ್ರಿಸ್ತನೇ ಹೊರತು ಒಬ್ಬ ಹೆಂಗಸಾಗಲಾರಳೆಂದು ಆಕ್ಷೇಪಿಸುತ್ತಿದ್ದವರಿಗೆ ಇದು ಸಮಾಧಾನವಾಯಿತು. ಆ ಪದವೇ ಇಂದಿಗೂ ನಿಂತಿದೆ. ಕಡೆಗೆ 1701ರ ಉತ್ತರಾಧಿಕಾರ ಶಾಸನವು, ಸಿಂಹಾಸನಕ್ಕೆ ಹೆಚ್ಚು ಸಮೀಪದ ಬಾಧ್ಯತೆಯಿದ್ದ ಐವತ್ತಕ್ಕೂ ಹೆಚ್ಚು ಮಂದಿ ಕ್ಯಾಥೊಲಿಕ್ಕರನ್ನು ದಾಟಿ, ಹ್ಯಾನೋವರಿನ ಪ್ರಾಟೆಸ್ಟೆಂಟ್ ಮನೆತನಕ್ಕೆ ಪಟ್ಟವನ್ನು ಕೊಟ್ಟಿತು. ಅಲ್ಲಿಂದೀಚೆಗೆ ಪಾರ್ಲಿಮೆಂಟು ದೊರೆಯನ್ನು ಮಾಡುತ್ತದೆ. ದೊರೆಯು ಬಿಷಪ್ಪುಗಳನ್ನು ಮಾಡುತ್ತಾನೆ. ಬಿಷಪ್ಪುಗಳಲ್ಲಿ ಶ್ರೇಷ್ಠನಾದವನು ದೊರೆಗೆ ಅಭಿಷೇಕ ಮಾಡುತ್ತಾನೆ. ಇದರಲ್ಲಿ ದೇವರ ಪಾತ್ರವು ಎಲ್ಲಿ ಬರುತ್ತದೆ ಎಂಬುದನ್ನು ಹೇಳುವುದು ನನ್ನ ಶಕ್ತಿಗೆ ಮೀರಿದುದು.

ಗಡಿಯನ್ನು ದಾಟಿ ಸ್ಕಾಟ್ಲೆಂಡಿಗೆ ಹೋದರೆ ಇನ್ನೊಂದು ಆಶ್ಚರ್ಯ. ಅಲ್ಲಿನ ರಾಷ್ಟ್ರೀಯ ಚರ್ಚು ಪ್ರೆಸ್ಬಿಟೀರಿಯನ್ ಪದ್ಧತಿಯದು. ಅದರಲ್ಲಿ ಬಿಷಪ್ಪುಗಳೇ ಇಲ್ಲ. ದೊರೆಯು ಅದಕ್ಕೆ ಅಧಿಕಾರಿಯೂ ಅಲ್ಲ, ಪೂಜೆಗೆ ಹೋದಾಗ ಇತರರಂತೆ ಒಬ್ಬ ಭಕ್ತನು. ಆದರೂ ಪಟ್ಟಕ್ಕೆ ಬಂದ ಪ್ರತಿಯೊಬ್ಬ ದೊರೆಯೂ ಆ ಚರ್ಚನ್ನು ರಕ್ಷಿಸುವುದಾಗಿ ಶಪಥ ಮಾಡಬೇಕು. ಮೂರನೆಯ ಚಾರಲ್ಸ್ ದೊರೆಯು 2022ರ ಸೆಪ್ಟೆಂಬರ್ 10ನೆಯ ತಾರೀಖು ಮಾಡಿದ ಶಪಥವು ಇದೇ. ಹೀಗೆ ಒಬ್ಬನೇ ದೊರೆ ಒಂದು ನದಿಯ ಈಚೆಗೆ ಬಿಷಪ್ಪುಗಳ ಚರ್ಚಿಗೂ ಆಚೆಗೆ ಬಿಷಪ್ಪುಗಳನ್ನು ಒಪ್ಪದ ಚರ್ಚಿಗೂ ರಕ್ಷಕನು. ತರ್ಕದಿಂದ ನೋಡುವವರಿಗೆ ಇದು ಅಸಂಬದ್ಧವಾಗಿ ತೋರುವುದು. ಆದರೆ ಸ್ಕಾಟರ ಮೇಲೆ ಬಿಷಪ್ಪುಗಳನ್ನು ಹೇರುವುದಕ್ಕೆ ಹದಿನೇಳನೆಯ ಶತಮಾನದಲ್ಲಿ ಮಾಡಿದ ಪ್ರಯತ್ನವು ಯುದ್ಧದಲ್ಲಿ ಕೊನೆಗಂಡಿತೆಂಬುದನ್ನು ನೆನೆದರೆ, ಅಸಂಬದ್ಧತೆಯೂ ಕೆಲವು ವೇಳೆ ವಿವೇಕವೇ ಎನ್ನಬೇಕಾಗುತ್ತದೆ.

ರಾಜ್ಯಕ್ಕೆ ಮತವಿರಬೇಕು ಎಂಬ ಪಕ್ಷವನ್ನು ಅತ್ಯಂತ ಗಂಭೀರವಾಗಿ ಮಂಡಿಸಿದವನು ಗ್ಲಾಡ್‌ಸ್ಟನ್. 1838ರಲ್ಲಿ, ಇನ್ನೂ ಇಪ್ಪತ್ತೆಂಟು ವರ್ಷದ ತರುಣನಾಗಿದ್ದಾಗ, ಆತನು ರಾಜ್ಯಕ್ಕೂ ಚರ್ಚಿಗೂ ಇರುವ ಸಂಬಂಧವನ್ನು ಕುರಿತು ಗ್ರಂಥವನ್ನು ಬರೆದನು. ವ್ಯಕ್ತಿಗೆ ಅಂತಃಕರಣವಿರುವಂತೆ ರಾಜ್ಯಕ್ಕೂ ಅಂತಃಕರಣವುಂಟು. ಸತ್ಯವನ್ನು ಅರಿತ ರಾಜ್ಯವು ಸತ್ಯಕ್ಕೂ ಮಿಥ್ಯೆಗೂ ಸಮನಾಗಿ ವರ್ತಿಸಕೂಡದು ಎಂಬುದು ಆತನ ವಾದದ ತಿರುಳು. ಇದಕ್ಕೆ ಮರುವರ್ಷವೇ ಉತ್ತರ ಬರೆದವನು ಮೆಕಾಲೆ. ನಮ್ಮ ದೇಶದ ವಿದ್ಯಾಭ್ಯಾಸದ ಚರ್ಚೆಯಲ್ಲಿ ನಾವು ಚೆನ್ನಾಗಿ ಬಲ್ಲ ಆ ಮೆಕಾಲೆಯೇ. ಆಗತಾನೆ ಕಲ್ಕತ್ತೆಯಿಂದ ಹಿಂದಿರುಗಿದ್ದನು. ಸರಕಾರದ ಮುಖ್ಯ ಕೆಲಸ ಪ್ರಜೆಗಳ ಪ್ರಾಣವನ್ನೂ ಸೊತ್ತನ್ನೂ ಕಾಪಾಡುವುದು; ಆ ಕೆಲಸಕ್ಕೆ ಕೂಡಿದವರೆಲ್ಲರೂ ಒಂದೇ ಮತದವರಾಗಿರಬೇಕೆಂಬ ನಿಯಮವಿಲ್ಲ ಎಂದು ಆತನು ವಾದಿಸಿದನು. ಮೆಕಾಲೆಯ ಎಲ್ಲ ಅಭಿಪ್ರಾಯಗಳನ್ನೂ ಒಪ್ಪಲಾರದ ನಾವು ಈ ಒಂದು ವಿಷಯದಲ್ಲಿ ಆತನ ಕಡೆಗೆ ವಾಲಿದರೆ ತಪ್ಪೇನೂ ಇಲ್ಲ.

ಗ್ಲಾಡ್‌ಸ್ಟನ್ನನ ಮನಸ್ಸನ್ನು ತಿರುಗಿಸಿದುದು ಮೆಕಾಲೆಯ ವಾದವಲ್ಲ, ಐರ್ಲೆಂಡಿನ ದೃಶ್ಯ. ಅಲ್ಲಿ ರಾಜ್ಯಸ್ಥಾಪಿತವಾದ ಪ್ರಾಟೆಸ್ಟೆಂಟ್ ಚರ್ಚಿಗೆ ಸೇರಿದವರು 1861ರ ಜನಗಣತಿಯಂತೆ ಜನಸಂಖ್ಯೆಯ ಎಂಟನೆಯ ಒಂದು ಪಾಲಿಗೂ ಕಡಿಮೆ. ಮಿಕ್ಕವರಲ್ಲಿ ಬಹುಮಂದಿ ಕ್ಯಾಥೊಲಿಕ್ ಒಕ್ಕಲಿಗರು. ತಾವು ಎಂದೂ ಕಾಲಿಡದ ಚರ್ಚಿನ ಪಾದ್ರಿಯ ಜೀವನಕ್ಕಾಗಿ ಈ ಬಡವರು ಬೆಳೆಯ ದಶಾಂಶವನ್ನು ಕೊಡಬೇಕಾಗಿತ್ತು. 1830ರ ದಶಕದಲ್ಲಿ ಇದಕ್ಕಾಗಿ ರಕ್ತಪಾತವೂ ನಡೆಯಿತು. ರಾಜ್ಯದ ಅಂತಃಕರಣವೆಂದು ಗ್ರಂಥದಲ್ಲಿ ಹೆಸರು ಪಡೆದುದು ಹೊಲದಲ್ಲಿ ದನವನ್ನು ಜಪ್ತಿಮಾಡುವ ಅಮೀನನ ರೂಪದಿಂದ ಕಾಣಿಸಿಕೊಂಡಿತು. 1869ರಲ್ಲಿ, ಮೂವತ್ತು ವರ್ಷಗಳ ಹಿಂದೆ ಆ ಗ್ರಂಥವನ್ನು ಬರೆದ ಅದೇ ಗ್ಲಾಡ್‌ಸ್ಟನ್ನನು ಪ್ರಧಾನಮಂತ್ರಿಯಾಗಿ ಐರ್ಲೆಂಡಿನ ಚರ್ಚನ್ನು ರಾಜ್ಯದಿಂದ ಬಿಡಿಸಿದನು. ಆತನ ಸ್ವಂತ ಶ್ರದ್ಧೆಯು ಎಳ್ಳಷ್ಟೂ ಕಡಿಮೆಯಾಗಿರಲಿಲ್ಲ. ವೇಲ್ಸ್ ದೇಶದ ಚರ್ಚು ಹೀಗೆಯೇ 1920ರಲ್ಲಿ ಬಿಡುಗಡೆ ಪಡೆಯಿತು.

ಆದರೆ ಮತವನ್ನು ರಾಷ್ಟ್ರದ ಗುರುತಾಗಿ ಇಟ್ಟುಕೊಂಡುದರ ಬೆಲೆ ಏನೆಂಬುದನ್ನು ತಿಳಿಯಬೇಕಾದರೆ ಕಾಮನ್ಸ್ ಸಭೆಯ ಬಾಗಿಲಲ್ಲಿ ನಿಂತು ನೋಡಬೇಕು. ಸದಸ್ಯನಾದವನು ಪ್ರಮಾಣವಚನವನ್ನು ಹೇಳದೆ ಒಳಗೆ ಕೂರುವಂತಿರಲಿಲ್ಲ. 1829ರ ವರೆಗೆ ಆ ಪ್ರಮಾಣದ ಮಾತುಗಳು ಕ್ಯಾಥೊಲಿಕ್ಕರನ್ನು ಹೊರಗಿಟ್ಟುವು. ‘ಕ್ರೈಸ್ತನ ನಿಜಶ್ರದ್ಧೆಯ ಮೇಲೆ’ ಎಂಬ ಮಾತು ಯೆಹೂದ್ಯರನ್ನು ಹೊರಗಿಟ್ಟಿತು. ಲಂಡನ್ ನಗರವು 1847ರಲ್ಲಿ ಲಯೊನೆಲ್ ಡಿ ರಾಥ್ಸ್‌ಚೈಲ್ಡನನ್ನು ಚುನಾಯಿಸಿತು. ಆತನ ಹಣ ಸರಕಾರಕ್ಕೆ ಬೇಕಾಗಿತ್ತು. ಐರ್ಲೆಂಡಿನ ಕ್ಷಾಮಕ್ಕೆ ಸಾಲವೆತ್ತಿದಾಗ ಆತನ ಕೋಠಿಯನ್ನೇ ಆಶ್ರಯಿಸಿದ್ದರು. ಆತನ ಪ್ರಮಾಣ ಮಾತ್ರ ಬೇಡವಾಯಿತು. ಕಾಮನ್ಸ್ ಸಭೆ ಮತ್ತೆ ಮತ್ತೆ ಮಸೂದೆಯನ್ನು ಅಂಗೀಕರಿಸುವುದು, ಪ್ರಭುಗಳ ಸಭೆ ಮತ್ತೆ ಮತ್ತೆ ತಿರಸ್ಕರಿಸುವುದು, ಹೀಗೆ ಹನ್ನೊಂದು ವರ್ಷಗಳು ಕಳೆದುವು. 1858ರ ಜುಲೈ 26ರಂದು ಆತನು ತಲೆಯನ್ನು ಮುಚ್ಚಿಕೊಂಡು ಹೀಬ್ರೂ ಜನರ ವೇದದ ಮೇಲೆ ಪ್ರಮಾಣ ಮಾಡಿ ಸ್ಥಾನವನ್ನು ಪಡೆದನು. ಪಡೆದ ಮೇಲೆ ಸಭೆಯಲ್ಲಿ ಆತನು ಒಂದು ಭಾಷಣವನ್ನೂ ಮಾಡಲಿಲ್ಲವೆಂದು ಪ್ರಸಿದ್ಧಿ. ಬಾಗಿಲು ತೆರೆಯುವುದೇ ಆತನ ಭಾಷಣವಾಗಿತ್ತು.

ನಾಸ್ತಿಕನಿಗೆ ಬಾಗಿಲು ಇನ್ನೂ ಮುಚ್ಚಿತ್ತು. ಚಾರಲ್ಸ್ ಬ್ರಾಡ್ಲಾನ ಕಥೆಯನ್ನು ಸ್ವಲ್ಪ ವಿಸ್ತಾರವಾಗಿ ಹೇಳಲು ಅಪ್ಪಣೆಯಾಗಬೇಕು; ಈತನು ನಮಗೂ ಬೇಕಾದವನು. ಜೋಡು ಹೊಲಿಯುವವರ ಊರಾದ ನಾರ್ಥಾಂಪ್ಟನ್ ಈತನನ್ನು 1880ರಲ್ಲಿ ಪಾರ್ಲಿಮೆಂಟಿಗೆ ಕಳುಹಿಸಿತು. ದೇವರಿಲ್ಲವೆಂದು ಊರೂರಿನಲ್ಲಿ ಉಪನ್ಯಾಸ ಮಾಡಿದ್ದ ಈತನು, ದೇವರ ಹೆಸರನ್ನೆತ್ತದೆ ಬರಿಯ ಸತ್ಯವಚನದಿಂದ ಪ್ರತಿಜ್ಞೆ ಮಾಡಲು ಅವಕಾಶ ಬೇಡಿದನು. ಆಗದೆಂದರು. ಹಾಗಾದರೆ ನಿಮ್ಮ ಪ್ರಮಾಣವನ್ನೇ ಮಾಡುತ್ತೇನೆಂದನು. ನಂಬಿಕೆಯಿಲ್ಲದವನ ಬಾಯಿಂದ ಅದು ದೇವನಿಂದೆಯಾಗುವುದೆಂದು ಅದನ್ನೂ ತಡೆದರು. ಸಭೆಯನ್ನು ಬಿಟ್ಟು ಹೋಗಲೊಲ್ಲದ ಆತನನ್ನು ಗಡಿಯಾರದ ಗೋಪುರದ ಕೋಣೆಯಲ್ಲಿ ಒಂದು ರಾತ್ರಿ ಸೆರೆಯಿಟ್ಟರು. 1881ರ ಆಗಸ್ಟಿನಲ್ಲಿ ಜವಾನರೂ ಪೋಲೀಸಿನವರೂ ಕೂಡಿ, ಆ ಭಾರಿ ಆಳನ್ನು ಮೆಟ್ಟಿಲುಗಳ ಮೇಲಿನಿಂದ ಎಳೆದು ಹೊರಹಾಕಿದಾಗ ಆತನ ಕೋಟು ಹರಿದುಹೋಯಿತು. ಸ್ಥಾನವು ತೆರವಾದಾಗಲೆಲ್ಲ ನಾರ್ಥಾಂಪ್ಟನ್ನಿನ ಜನರು ಆತನನ್ನೇ ಮರಳಿ ಆರಿಸಿದರು: 1881ರಲ್ಲಿ, 1882ರಲ್ಲಿ, 1884ರಲ್ಲಿ, 1885ರಲ್ಲಿ. ಅವರೆಲ್ಲರೂ ನಾಸ್ತಿಕರಾಗಿರಲಿಲ್ಲ. ತಮ್ಮ ಪ್ರತಿನಿಧಿಯನ್ನು ಆರಿಸುವವರು ತಾವೋ ಅಥವಾ ಸಭೆಯೋ ಎಂಬುದು ಅವರ ಪ್ರಶ್ನೆಯಾಗಿತ್ತು.

1883ರಲ್ಲಿ ಪ್ರಧಾನಮಂತ್ರಿ ಗ್ಲಾಡ್‌ಸ್ಟನ್ನನು, ಪ್ರಮಾಣಕ್ಕೆ ಬದಲಾಗಿ ಪ್ರತಿಜ್ಞೆಯನ್ನು ಒಪ್ಪಬಹುದೆಂಬ ಮಸೂದೆಯ ಪರವಾಗಿ ಮಾತನಾಡಿದನು. ಆಗ ಆತನಿಗೆ ಎಪ್ಪತ್ತಮೂರು ವರ್ಷ. ಬ್ರಾಡ್ಲಾನ ಮತಗಳೆಂದರೆ ಆತನಿಗೆ ಮನಸ್ಸಿನಲ್ಲಿ ತೀವ್ರವಾದ ಅಸಮ್ಮತಿ. ಆದರೂ ಆತನು ಹೇಳಿದುದರ ಸಾರವಿದು: ಕ್ರಿಸ್ತನನ್ನು ಒಪ್ಪದ ಯೆಹೂದ್ಯನನ್ನು ಒಳಕ್ಕೆ ಬಿಟ್ಟು, ಯಾವುದೋ ಒಂದು ದೇವರ ಹೆಸರನ್ನು ಹೇಳಿದರೆ ಸಾಕೆಂದು ಗೆರೆ ಎಳೆಯುವುದರಿಂದ ಕ್ರೈಸ್ತಮತಕ್ಕೆ ಯಾವ ರಕ್ಷಣೆಯೂ ಸಿಕ್ಕದು, ಲೋಕದ ವ್ಯಾಪಾರವನ್ನು ಲಕ್ಷಿಸದೆ ದೂರದಲ್ಲಿರುವ ದೇವತೆಗಳನ್ನು ರೋಮಿನ ಕವಿ ಲುಕ್ರೀಷಿಯಸನೂ ಒಪ್ಪಿದ್ದನು. ಆ ಕವಿಯ ಲ್ಯಾಟಿನ್ ಸಾಲುಗಳನ್ನು ಬಾಯಿಪಾಠವಾಗಿ ಹೇಳಿದಾಗ ಸಭೆ ನಿಶ್ಶಬ್ದವಾಗಿ ಕೇಳಿತಂತೆ. ಕೇಳಿದ ಸಭೆ ಮಸೂದೆಯನ್ನು ಮೂರು ವೋಟುಗಳಿಂದ ಸೋಲಿಸಿತು. 1886ರಲ್ಲಿ ಹೊಸ ಪಾರ್ಲಿಮೆಂಟು ಕೂಡಿದಾಗ ಸ್ಪೀಕರನು, ಸದಸ್ಯನಿಗೂ ಆತನ ಪ್ರಮಾಣಕ್ಕೂ ನಡುವೆ ಬರಲು ಯಾರಿಗೂ ಅಧಿಕಾರವಿಲ್ಲವೆಂದು ನಿರ್ಣಯಿಸಿ ಆತನಿಗೆ ಸ್ಥಾನ ಕೊಟ್ಟನು. 1888ರಲ್ಲಿ ಬ್ರಾಡ್ಲಾನೇ ತಂದ ಮಸೂದೆಯು ಶಾಸನವಾಗಿ, ಬೇಕಾದವರು ದೇವರ ಹೆಸರಿಲ್ಲದೆಯೇ ಪ್ರತಿಜ್ಞೆ ಮಾಡಬಹುದೆಂದಾಯಿತು.

1889ರ ಡಿಸೆಂಬರಿನಲ್ಲಿ ಬ್ರಾಡ್ಲಾನು ಬೊಂಬಾಯಿಯ ಕಾಂಗ್ರೆಸ್ ಅಧಿವೇಶನಕ್ಕೆ ಬಂದಿದ್ದನು; ಭಾರತದ ಶಾಸನಸಭೆಗಳ ಸುಧಾರಣೆಗಾಗಿ ಪಾರ್ಲಿಮೆಂಟಿನಲ್ಲಿ ಮಸೂದೆಯನ್ನೂ ತಂದನು. 1891ರ ಜನವರಿ 27ರಂದು ಕಾಮನ್ಸ್ ಸಭೆಯು ಹಿಂದೆ ಆತನನ್ನು ತಡೆದಿದ್ದ ನಿರ್ಣಯವನ್ನು ತನ್ನ ದಾಖಲೆಯಿಂದ ತೊಡೆದುಹಾಕಿತು. ಆ ಸುದ್ದಿಯನ್ನು ತಿಳಿಯುವ ಸ್ಥಿತಿಯಲ್ಲಿ ಆತನು ಇರಲಿಲ್ಲ. ಮೂರು ದಿನಗಳ ಬಳಿಕ ತೀರಿಕೊಂಡನು. ಆತನ ಶವಸಂಸ್ಕಾರಕ್ಕೆ ಹೋಗಿದ್ದ ಭಾರತೀಯರಲ್ಲಿ ಬಾರಿಸ್ಟರ್ ಪರೀಕ್ಷೆಗೆ ಓದುತ್ತಿದ್ದ ಒಬ್ಬ ದೈವಭಕ್ತ ತರುಣನಿದ್ದನು. ಆತನ ಹೆಸರು ಮೋಹನದಾಸ ಗಾಂಧಿ.

ಇಷ್ಟು ಹೊತ್ತು ಹೊರಗಿನವರಿಗೆ ಆದ ಅನ್ಯಾಯವನ್ನು ಹೇಳಿದೆನು. ರಾಜಾಶ್ರಯದಿಂದ ಆ ಮತಕ್ಕೇ ಆದ ನಷ್ಟವನ್ನು ನಮ್ಮವರು ಅಷ್ಟಾಗಿ ಗಮನಿಸುವುದಿಲ್ಲ. ಇಂಗ್ಲೆಂಡಿನ ಚರ್ಚಿನಲ್ಲಿ ಬಳಕೆಯಲ್ಲಿದ್ದ ಪ್ರಾರ್ಥನಾಗ್ರಂಥವು 1662ರದು. ಅದನ್ನು ಪರಿಷ್ಕರಿಸಬೇಕೆಂದು ಇಪ್ಪತ್ತು ವರ್ಷಗಳಷ್ಟು ಕಾಲ ವಿಚಾರಮಾಡಿ, ಬಿಷಪ್ಪುಗಳೂ ಚರ್ಚಿನ ಸಭೆಯೂ ಬಹುಮತದಿಂದ ಒಪ್ಪಿದ ಹೊಸ ಗ್ರಂಥವನ್ನು 1927ರಲ್ಲಿ ಪಾರ್ಲಿಮೆಂಟಿನ ಮುಂದಿಟ್ಟರು. ಪ್ರಭುಗಳ ಸಭೆ ಅಂಗೀಕರಿಸಿತು. ಕಾಮನ್ಸ್ ಸಭೆ 238ಕ್ಕೆ 205 ವೋಟುಗಳಿಂದ ತಿರಸ್ಕರಿಸಿತು. ತಿದ್ದುಪಡಿಮಾಡಿ 1928ರಲ್ಲಿ ಪುನಃ ತಂದಾಗ ವಿರೋಧವು 266ಕ್ಕೆ ಏರಿತು, ಪರವಾದುವು 220. ವೋಟು ಹಾಕಿದವರಲ್ಲಿ ಸ್ಕಾಟರಿದ್ದರು, ಇತರ ಪಂಥದವರಿದ್ದರು, ಯಾವ ಚರ್ಚಿಗೂ ಹೋಗದವರೂ ಇದ್ದರು. ಭಕ್ತನು ಮೊಣಕಾಲೂರಿ ದೇವರಿಗೆ ಯಾವ ಮಾತುಗಳಿಂದ ಮೊರೆಯಿಡಬೇಕೆಂಬುದನ್ನು, ರಾತ್ರಿಯ ಊಟಕ್ಕೆ ಹೊತ್ತಾಯಿತೆಂದು ಗಡಿಯಾರ ನೋಡುವ ಸಭಾಸದರು ಎಣಿಕೆಯಿಂದ ತೀರ್ಮಾನಿಸಿದರು. ಪೂಜಾವಿಧಿಯನ್ನು ತಾನೇ ಗೊತ್ತುಮಾಡಿಕೊಳ್ಳುವ ಪೂರ್ಣ ಅಧಿಕಾರ ಆ ಚರ್ಚಿಗೆ ದೊರೆತುದು 1974ರಲ್ಲಿ. ಅರಮನೆಯ ಛತ್ರಿಯ ಕೆಳಗೆ ನಿಂತ ದೇವರಿಗೆ ಬಿಸಿಲು ತಗಲುವುದಿಲ್ಲವೆಂಬುದು ನಿಜ. ಆದರೆ ಛತ್ರಿಯನ್ನು ಹಿಡಿದವನು ನಡೆದ ಕಡೆಗೇ ಉತ್ಸವವೂ ಹೋಗಬೇಕಾಗುತ್ತದೆ.

ಬಿಷಪ್ಪುಗಳ ನೇಮಕದ ವಿಷಯವೂ ಹೀಗೆಯೇ. ದೊರೆಯು ಪ್ರಧಾನಮಂತ್ರಿಯ ಸಲಹೆಯಂತೆ ನೇಮಿಸತಕ್ಕದ್ದು. ಪ್ರಧಾನಮಂತ್ರಿಯು ಆ ಚರ್ಚಿಗೆ ಸೇರಿದವನೇ ಆಗಿರಬೇಕೆಂದಿಲ್ಲ. ಲಾಯ್ಡ್ ಜಾರ್ಜ್ ಬ್ಯಾಪ್ಟಿಸ್ಟ್ ಪಂಥದವನು, ನೆವಿಲ್ ಚೇಂಬರ್ಲೇನ್ ಯೂನಿಟೇರಿಯನ್ ಮನೆತನದವನು. 1829ರ ಮತ್ತು 1858ರ ಶಾಸನಗಳಲ್ಲಿ ಮಾತ್ರ ಒಂದು ನಿಷೇಧವು ಅಡಗಿದೆ: ಈ ವಿಷಯದಲ್ಲಿ ಕ್ಯಾಥೊಲಿಕ್ಕನಾಗಲಿ ಯೆಹೂದ್ಯನಾಗಲಿ ದೊರೆಗೆ ಸಲಹೆ ಕೊಡಕೂಡದು. ಹಿಂದುವಿನ ಮಾತನ್ನು ಆ ಶಾಸನಕರ್ತರು ಎತ್ತಲಿಲ್ಲ. ಅವರ ಕಲ್ಪನೆಗೆ ಅದು ಬರಲಿಲ್ಲ. ಹೀಗಾಗಿ 2022ರಿಂದ 2024ರ ವರೆಗೆ ಪ್ರಧಾನಮಂತ್ರಿಯಾಗಿದ್ದ ಹಿಂದೂಮತದ ಋಷಿ ಸುನಕರು ಬಿಷಪ್ಪುಗಳ ನೇಮಕಕ್ಕೆ ಸಲಹೆಗಾರರಾಗಲು ಕಾನೂನಿನ ಅಡ್ಡಿಯಿರಲಿಲ್ಲ. ಅಷ್ಟು ಹೊತ್ತಿಗೆ ಹೆಸರನ್ನು ಚರ್ಚೇ ಆರಿಸುವ ಪದ್ಧತಿ ಬಂದು, ಮಂತ್ರಿಯ ಪಾತ್ರವು ಅದನ್ನು ಮುಂದಕ್ಕೆ ಕಳುಹಿಸುವುದಷ್ಟೇ ಆಗಿತ್ತೆಂಬುದನ್ನೂ ಹೇಳಬೇಕು.

ನಮ್ಮ ದೇಶಕ್ಕೂ ಈ ಚರ್ಚಿನ ಒಂದು ಕೊಂಬೆ ಚಾಚಿಕೊಂಡಿತ್ತು. 1813ರ ಶಾಸನದ ಮೇರೆಗೆ ಕಲ್ಕತ್ತೆಯಲ್ಲಿ ಬಿಷಪ್ಪನ ಪೀಠವು ಏರ್ಪಟ್ಟಿತು; ಆತನ ಸಂಬಳವೂ ದಂಡಿನ ಪಾದ್ರಿಗಳ ಸಂಬಳವೂ ಭಾರತದ ಕಂದಾಯದಿಂದ ಸಲ್ಲುತ್ತಿದ್ದುವು. ಬೆಂಗಳೂರಿನ ದಂಡುಪ್ರದೇಶದ ಸೇಂಟ್ ಮಾರ್ಕ್ಸ್ ಚರ್ಚು ಆ ಕಾಲದ್ದೇ. 1858ರ ಘೋಷಣೆಯಲ್ಲಿ ವಿಕ್ಟೋರಿಯ ರಾಣಿಯು ತನ್ನ ಕ್ರೈಸ್ತಶ್ರದ್ಧೆಯನ್ನು ಹೇಳಿಕೊಂಡು, ಅದನ್ನು ಪ್ರಜೆಗಳ ಮೇಲೆ ಹೇರುವುದಿಲ್ಲವೆಂದು ಮಾತುಕೊಟ್ಟಳು. ಇಲ್ಲಿನ ಆ ಚರ್ಚು ಇಂಗ್ಲೆಂಡಿನ ಚರ್ಚಿನ ಹಿಡಿತದಿಂದ ಬಿಡಿಸಿಕೊಂಡು 1930ರಲ್ಲಿ ಸ್ವತಂತ್ರವಾಯಿತು. ಫಲವೇನಾಯಿತು? 1947ರ ಸೆಪ್ಟೆಂಬರ್ 27ರಂದು ದಕ್ಷಿಣ ಭಾರತದಲ್ಲಿ ಆಂಗ್ಲಿಕನರೂ ಮೆಥಡಿಸ್ಟರೂ ಪ್ರೆಸ್ಬಿಟೀರಿಯನರೂ ಕಾಂಗ್ರಿಗೇಷನಲ್ ಪಂಥದವರೂ ಒಂದೇ ಚರ್ಚಾಗಿ ಕೂಡಿದರು. ರಾಜಾಶ್ರಯವುಳ್ಳ ತಾಯಿಯು ತನ್ನ ನಾಡಿನಲ್ಲಿ ಸಾಧಿಸಲಾರದೆ ಹೋದ ಐಕ್ಯವನ್ನು ಆಶ್ರಯವಿಲ್ಲದ ಮಗಳು ಸಾಧಿಸಿದಳು. ಇದು ಕಾಕತಾಳೀಯವೆಂದು ನಾನು ನಂಬಲಾರೆ.

ಇಂಗ್ಲೆಂಡು ಕ್ರೈಸ್ತರಾಷ್ಟ್ರವೇ ಎಂದು ಈಗ ಕೇಳಿದರೆ ಉತ್ತರ ಸುಲಭವಲ್ಲ. ಇಂಗ್ಲೆಂಡು ವೇಲ್ಸ್‌ಗಳ ಜನಗಣತಿಯಲ್ಲಿ ತಾವು ಕ್ರೈಸ್ತರೆಂದು ಬರೆಸಿದವರು 2001ರಲ್ಲಿ ನೂರಕ್ಕೆ 72ರಷ್ಟು, 2011ರಲ್ಲಿ 59ರಷ್ಟು, 2021ರಲ್ಲಿ 46ರಷ್ಟು. ಪ್ರಭುಗಳ ಸಭೆಯಲ್ಲಿ 26 ಮಂದಿ ಬಿಷಪ್ಪುಗಳ ಸ್ಥಾನ ಹಾಗೆಯೇ ಇರುವಾಗಲೇ ಈ ಇಳಿತ. 2023ರ ಮೇ 6ರ ಪಟ್ಟಾಭಿಷೇಕದಲ್ಲಿ ದೊರೆಯು ಪ್ರಾಟೆಸ್ಟೆಂಟ್ ಮತವನ್ನು ಕಾಪಾಡುವುದಾಗಿ ಹಳೆಯ ಶಪಥವನ್ನೇ ಮಾಡಿದನು. ಹಿಂದೂ, ಮುಸಲ್ಮಾನ, ಸಿಖ್, ಯೆಹೂದ್ಯ ಪ್ರಭುಗಳು ರಾಜಚಿಹ್ನೆಗಳಲ್ಲಿ ಕೆಲವನ್ನು ತಂದು ಒಪ್ಪಿಸಿದರು. ಬೈಬಲ್ಲಿನಿಂದ ಒಂದು ಭಾಗವನ್ನು ಓದಿದವರು ಸುನಕರು.

ಹಾಗಾದರೆ ಇದನ್ನೆಲ್ಲ ಕಿತ್ತುಹಾಕಬೇಕೆ? ಸ್ಥಾಪಿತ ಚರ್ಚಿನ ವಿರುದ್ಧ ಇಷ್ಟು ಹೇಳಿದ ನಾನು ಎದುರು ಪಕ್ಷದ ಒಂದು ಮಾತನ್ನು ಮುಚ್ಚಿಡಬಾರದು. 1990ರಲ್ಲಿ ಬಿ. ಬಿ. ಸಿ. ರೇಡಿಯೋದ ರೀತ್ ಉಪನ್ಯಾಸಗಳನ್ನು ಕೊಟ್ಟ ಯೆಹೂದ್ಯ ಧರ್ಮಗುರು ಜೊನಾಥನ್ ಸ್ಯಾಕ್ಸರು, ಚರ್ಚನ್ನು ರಾಜ್ಯದಿಂದ ಬಿಡಿಸುವುದಕ್ಕೆ ಒಲವು ತೋರಿಸಲಿಲ್ಲ. ಯಾರ ಹಿರಿಯರು ಸಭೆಯ ಬಾಗಿಲಲ್ಲಿ ಹನ್ನೊಂದು ವರ್ಷ ಕಾದಿದ್ದರೋ ಅವರ ಪೈಕಿಯವರೇ ಒಬ್ಬರು ಹೀಗೆ ಹೇಳಿದಾಗ ನಾವು ತಡೆದು ಯೋಚಿಸಬೇಕಾಗುತ್ತದೆ. ಹಲ್ಲುಗಳೆಲ್ಲ ಬಿದ್ದುಹೋದ ಸಿಂಹವು ಮನೆಯಲ್ಲಿದ್ದರೆ ಉಳಿದ ಪ್ರಾಣಿಗಳಿಗೂ ಒಂದು ಮರ್ಯಾದೆಯೆಂಬುದು ಅವರ ಎಣಿಕೆಯಾಗಿರಬಹುದು. ನನಗೆ ಇದು ಪೂರ್ಣವಾಗಿ ಒಪ್ಪಿಗೆಯಿಲ್ಲ. ಹಲ್ಲುಗಳನ್ನು ಒಂದೊಂದಾಗಿ ಕಿತ್ತವರು ರಾಥ್ಸ್‌ಚೈಲ್ಡ್, ಬ್ರಾಡ್ಲಾ ಮೊದಲಾದವರೇ ಹೊರತು ಸಿಂಹವು ತಾನಾಗಿ ಅವನ್ನು ಬಿಟ್ಟುಕೊಡಲಿಲ್ಲ.

ಕಾಮನ್ಸ್ ಸಭೆಯ ಪ್ರತಿದಿನದ ಕೆಲಸವೂ ಇಂದಿಗೂ ಪ್ರಾರ್ಥನೆಯಿಂದಲೇ ಆರಂಭವಾಗುತ್ತದೆ. ಪಾದ್ರಿಯು ಪ್ರಾರ್ಥನೆಯನ್ನು ಓದುವಾಗ ಸದಸ್ಯರು ಎದ್ದುನಿಂತು ಗೋಡೆಯ ಕಡೆಗೆ ಮುಖ ತಿರುಗಿಸುತ್ತಾರೆ. ಹೋಗಲೇಬೇಕೆಂಬ ಬಲವಂತವಿಲ್ಲ. ಆದರೆ ಸದಸ್ಯರು 650 ಮಂದಿ, ಕುಳಿತುಕೊಳ್ಳಲು ಇರುವ ಸ್ಥಳ 427 ಮಂದಿಗೆ ಮಾತ್ರ. ಪ್ರಾರ್ಥನೆಗೆ ಬಂದವನು ತನ್ನ ಸ್ಥಳದಲ್ಲಿ ಒಂದು ಚೀಟಿಯನ್ನು ಸಿಕ್ಕಿಸಿದರೆ ಆ ದಿನಕ್ಕೆ ಆ ಸ್ಥಳ ಅವನದು. ಆದುದರಿಂದ ಮುಖ್ಯವಾದ ಚರ್ಚೆಯಿರುವ ದಿವಸಗಳಲ್ಲಿ ಆಸ್ತಿಕರೂ ನಾಸ್ತಿಕರೂ ಹೊತ್ತಿಗೆ ಮುಂಚೆಯೇ ಬಂದು, ಗೋಡೆಯ ಕಡೆಗೆ ತಿರುಗಿ, ಭಕ್ತಿಯಿಂದ ನಿಂತಿರುತ್ತಾರೆ.